ಹದಿನಾಲ್ಕು ಜನರ ಊರಿನ ಜಾತ್ರೆ

ಗುರುವಾರ

ಅವ್ವ ಅಮೆರಿಕಕ್ಕೆ ಬಂದು ಎರಡು ತಿಂಗಳಾಗಿತ್ತು. ನಯಾಗರಾ ತೋರಿಸಿದ್ದಾಯಿತು, ಷಿಕಾಗೋ ತೋರಿಸಿದ್ದಾಯಿತು. ಎರಡಕ್ಕೂ "ಚಲೋ ಐತಿ" ಅಂದು ಸುಮ್ಮನಾಗಿದ್ದಳು. ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದಳು, "ಇವರಿಗೆ ಹಳ್ಳಿ ಅನ್ನೂದು ಇಲ್ಲೇನೋ ಯಪ್ಪಾ?"

ಆಗ ನೆನಪಾಗಿದ್ದು ನಿಕೋಡೀಮಸ್. ನಾವಿರುವ ಕಾನ್ಸಾಸ್ ರಾಜ್ಯದಲ್ಲೇ ಇದೆ, ವಾಯವ್ಯದ ಮೂಲೆಯ ಕಡೆಗೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ 1877ರಲ್ಲಿ ಕಟ್ಟಿಕೊಂಡ ಊರು. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕವರು 14 ಜನ.

"ಹದಿನಾಕ ಮಂದಿಗೆ ಊರು ಅಂತಾರೇನು? ಅದು ಒಂದು ಮನಿ" ಅಂದಳು ಅವ್ವ. ಅವಳ ತವರಲ್ಲಿ ಒಂದೇ ಸೂರಿನ ಕೆಳಗೆ ಇಪ್ಪತ್ತೆರಡು ಜನ ಇದ್ದರಂತೆ. ಜುಲೈ ಕೊನೆಯ ವಾರಾಂತ್ಯದಲ್ಲಿ ಆ ಊರಿಗೆ ನೂರಾರು ಜನ ಬರ್ತಾರೆ, ಒಂಥರಾ ಜಾತ್ರೆ ಅಂದಾಗ ಮಾತ್ರ ಕಿವಿ ನೆಟ್ಟಗಾಯಿತು. "ಹಂಗಾರ ರೊಟ್ಟಿ ಬಡೀತೀನಿ" ಅಂತ ಎದ್ದೇಬಿಟ್ಟಳು.

ಹೆಂಡತಿಗೆ ರಜೆ ಸಿಗಲಿಲ್ಲ. ನಾನು, ಅವ್ವ, ಒಂದು ಡಬ್ಬಿ ಕಟಿ ರೊಟ್ಟಿ, ಶೇಂಗಾ ಹಿಂಡಿ. ಓವರ್‌ಲ್ಯಾಂಡ್ ಪಾರ್ಕ್ ಅನ್ನುವ ನಮ್ಮ ಊರಿನಿಂದ ಏಳಕ್ಕೆ ಹೊರಟು ಐ-70 ಹೈವೇ ಹಿಡಿದು ಪಶ್ಚಿಮಕ್ಕೆ. ಟೊಪೀಕಾ ದಾಟಿ ಒಂದಷ್ಟು ದೂರ ಹಸಿರು ಗುಡ್ಡಗಳಿವೆ. ಆಮೇಲೆ ಬಯಲೋ ಬಯಲು. ಗೋಧಿ ಜೂನಿನಲ್ಲೇ ಕೊಯ್ಲಾಗಿ ಬರೀ ಕೂಳೆ ಉಳಿದಿತ್ತು. ಅವ್ವ ಕಣ್ಣು ಮುಚ್ಚಿದಳು.

ಅವಳನ್ನು ಎಬ್ಬಿಸಿದ್ದು ಬೇಲಿ. ರಸೆಲ್ ಕೌಂಟಿಯ ಹತ್ತಿರ ಹೊಲದ ಬೇಲಿಗಳಿಗೆಲ್ಲ ಕಲ್ಲಿನ ಗೂಟ. ಮರ, ಕಬ್ಬಿಣ ಏನೂ ಅಲ್ಲ, ಆಳೆತ್ತರದ ಸುಣ್ಣಗಲ್ಲಿನ ಕಂಬ, ಬೆಣ್ಣೆಯ ಬಣ್ಣ. ಕಾರು ಪಕ್ಕಕ್ಕೆ ಹಾಕಿ ಇಳಿದು ನೋಡಿದೆವು. ಇಲ್ಲಿಗೆ ಬಂದ ಮೊದಲ ರೈತರಿಗೆ ಬೇಲಿ ಹಾಕೋಣ ಅಂದ್ರೆ ಮರವೇ ಇರಲಿಲ್ಲ. ಆದರೆ ಮಣ್ಣಿನಡಿ ಒಂದೇ ಸಮ ದಪ್ಪದ ಕಲ್ಲಿನ ಪದರ ಇತ್ತು. ಸಾಲಾಗಿ ತೂತು ಕೊರೆದು, ಬೆಣೆ ಇಟ್ಟು ಹೊಡೆದರೆ ನೆಟ್ಟಗೆ ಸೀಳುತ್ತಿತ್ತು. ಅಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಒಂದೊಂದು ಗೂಟ ನೂರೈವತ್ತು ಕಿಲೋ ಆದರೂ ತೂಗೀತು. ಕಂಬದ ಅಂಚಿನಲ್ಲಿ ಕೊರೆದ ತೂತಿನ ಅರ್ಧ ಭಾಗ ಇನ್ನೂ ಹಾಗೇ ಇದೆ. ಅವ್ವ ಅದರಲ್ಲಿ ಬೆರಳಿಟ್ಟು ನೋಡಿದಳು. "ನಮ್ಮ ವಡ್ಡರೂ ಹಿಂಗ ಸೀಳತಿದ್ರು" ಅಂದಳು. ನಯಾಗರಾಕ್ಕೆ ಸಿಗದ ಮರ್ಯಾದೆ ಈ ಗೂಟಕ್ಕೆ ಸಿಕ್ಕಿತು.

ಸಂಜೆ ವಿಕ್ಟೋರಿಯಾ ಅನ್ನುವ ಚಿಕ್ಕ ಊರಲ್ಲಿ ಸೇಂಟ್ ಫಿಡೆಲಿಸ್ ಚರ್ಚ್ ನೋಡಿದೆವು. ರಷ್ಯಾದ ವೋಲ್ಗಾ ತೀರದಿಂದ ಬಂದ ಜರ್ಮನ್ ರೈತರು 1911ರಲ್ಲಿ ಕಟ್ಟಿ ಮುಗಿಸಿದ್ದು. ಹನ್ನೆರಡು ತುಂಬಿದ ಪ್ರತಿಯೊಬ್ಬರ ಮೇಲೂ ವರ್ಷಕ್ಕೆ 45 ಡಾಲರ್ ಪಟ್ಟಿ ಹಾಕಿದ್ದರಂತೆ, ಜೊತೆಗೆ ಆರು ಬಂಡಿ ಕಲ್ಲು ಹೊರುವ ಕೆಲಸ. ರಾತ್ರಿ ಹೇಸ್ ಪಟ್ಟಣದ ಒಂದು ಮೋಟೆಲಿನಲ್ಲಿ ಮಲಗಿದೆವು. ಮಲಗಿದೆವು ಅಂದ್ರೆ ಅವ್ವ ಮಲಗಿದಳು. ನಾನು ಗುರುಗುಟ್ಟುವ ಏಸಿ ಜೊತೆ ಎದ್ದಿದ್ದೆ.

ಶುಕ್ರವಾರ

ನಿಕೋಡೀಮಸ್‌ಗೆ ನೇರ ಹೈವೇಯಲ್ಲೇ ಹೋಗಬಹುದು. ನಾನು ಬೇಕಂತಲೇ ಎಲಿಸ್ ಊರಿನ ಮೇಲೆ ಹೋದೆ. ಕಾರಣ ಇದೆ. 1877ರಲ್ಲಿ ಕೆಂಟಕಿಯಿಂದ ಬಂದವರೆಲ್ಲ ರೈಲು ಇಳಿದದ್ದು ಇಲ್ಲೇ.

ಆ ವರ್ಷವೇ ಯಾಕೆ ಅನ್ನೋದಕ್ಕೂ ಕಾರಣ ಇದೆ. ಅಂತರ್ಯುದ್ಧ ಮುಗಿದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಹಕ್ಕು ಕಾಯಲು ಕೇಂದ್ರದ ಸೈನ್ಯ ಇತ್ತು. 1877ರಲ್ಲಿ ಆ ಕಾವಲು ತೆಗೆದರು. ಬಿಡುಗಡೆ ಕಾಗದದಲ್ಲಿ ಉಳಿಯಿತು. ಹೊಲ ಮಾತ್ರ ಹಳೇ ಧಣಿಯದೇ, ದುಡಿತ ಹಳೇ ದುಡಿತವೇ, ಜೊತೆಗೆ ರಾತ್ರಿ ಹೊತ್ತು ಮುಸುಕು ಹಾಕಿಕೊಂಡು ಬರುವವರ ಭಯ. ಅದೇ ಹೊತ್ತಿಗೆ ಕಾನ್ಸಾಸಿನಲ್ಲಿ ಹೋಮ್‌ಸ್ಟೆಡ್ ಕಾಯ್ದೆಯ ಕೆಳಗೆ 160 ಎಕರೆ ಸಿಗುತ್ತಿತ್ತು. ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಬೇಕು, ಅಷ್ಟೇ. 160 ಎಕರೆ ಅಂದಾಗ ಅವ್ವ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದಳು.

ಡಬ್ಲ್ಯು. ಆರ್. ಹಿಲ್ ಅಂತ ಒಬ್ಬ ಬಿಳಿಯ, ನಿವೇಶನದ ವ್ಯಾಪಾರದವನು. ಡಬ್ಲ್ಯು. ಎಚ್. ಸ್ಮಿತ್ ಅಂತ ಒಬ್ಬ ಕಪ್ಪು ಪಾದ್ರಿ. ಇವರಿಬ್ಬರೂ ಇನ್ನೂ ಐದು ಜನರೂ ಸೇರಿ ಏಪ್ರಿಲ್ 1877ರಲ್ಲಿ ಊರು ಕಟ್ಟಲು ಒಂದು ಕಂಪನಿ ಮಾಡಿದರು. ಏಳು ಜನರಲ್ಲಿ ಹಿಲ್ ಒಬ್ಬನೇ ಬಿಳಿಯ. ಕರಪತ್ರ ಹಂಚಿ, ಚರ್ಚುಗಳಲ್ಲಿ ಭಾಷಣ ಮಾಡಿ ಕರೆದರು. ಅಲ್ಲಿ ಒಳ್ಳೆ ನೆಲ ಇದೆ, ನೀರಿದೆ, ಬೇಟೆ ಇದೆ. ಊರಿದೆ ಅಂತಲೂ ಜನ ನಂಬಿಕೊಂಡರು. ಆ ಸೆಪ್ಟೆಂಬರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಬಂದಿಳಿದರು.

ಎಲಿಸ್‌ನಲ್ಲಿ ಈಗಲೂ ಗೂಡ್ಸ್ ಗಾಡಿ ಓಡುತ್ತವೆ. ಹಳಿಯ ಪಕ್ಕ ನಿಂತು ಉತ್ತರಕ್ಕೆ ನೋಡಿದರೆ ಆಕಾಶ ಮಾತ್ರ. ಇಲ್ಲಿಂದ ನಿಕೋಡೀಮಸ್ ಹತ್ತಿರ ಹತ್ತಿರ 55 ಕಿಲೋಮೀಟರ್. ರಸ್ತೆ ಇರಲಿಲ್ಲ, ಗುರುತಿಗೆ ಒಂದು ಮರ ಇರಲಿಲ್ಲ. ದಿಕ್ಸೂಚಿ ಹಿಡಿದು ನಡೆದರು. ಮರುವರ್ಷ ವಸಂತದಲ್ಲಿ ಬಂದ ಗುಂಪಿಗೆ ಎಲಿಸ್‌ನಲ್ಲೇ ದಡಾರ ತಗುಲಿತು. ಮಕ್ಕಳನ್ನು ಅಲ್ಲೇ ಮಣ್ಣು ಮಾಡಿ ಮುಂದೆ ಹೋದರು. ಅವ್ವನಿಗೆ ಇದನ್ನು ಹೇಳಬಾರದಿತ್ತು ಅನ್ನಿಸಿತು. ಅರ್ಧ ಗಂಟೆ ಮಾತೇ ಆಡಲಿಲ್ಲ.

ಹಳ್ಳಿ ರಸ್ತೆ ಹಿಡಿದೆವು. ಜಲ್ಲಿ ರಸ್ತೆ, ಹಿಂದೆ ಧೂಳಿನ ಬಾಲ. ಮೊಬೈಲಿನಲ್ಲಿ ಸಿಗ್ನಲ್ ಹೋಯಿತು, ಮ್ಯಾಪು ಒಂದು ನೀಲಿ ಚುಕ್ಕೆ ಬಿಟ್ಟು ಬೇರೇನೂ ತೋರಿಸಲಿಲ್ಲ. ಎರಡು ಸಲ ತಪ್ಪು ತಿರುವು ತೆಗೆದುಕೊಂಡೆ. ಮೂರನೇ ಸಲ ನಿಲ್ಲಿಸಿದಾಗ ಅವ್ವ ಕಿಟಕಿ ಇಳಿಸಿದಳು.

"ಯಪ್ಪಾ, ಇದು ಜ್ವಾಳ ಅಲ್ಲೇನೋ?"

"ಗೋವಿನಜೋಳ ಇರಬೇಕವಾ. ಇಲ್ಲಿ ಎಲ್ಲಾ ಅದೇ."

"ನಂಗ ಕಲಸ್ತಿ ಏನು?" ಇಳಿದೇ ಬಿಟ್ಟಳು. ರಸ್ತೆ ಅಂಚಿನ ಗಿಡದ ಗರಿ ಹಿಡಿದು, ನಡುವಿನ ದಿಂಡು ಸವರಿ, ಸುಳಿಯನ್ನು ಎರಡು ಬೆರಳಲ್ಲಿ ಬಿಡಿಸಿದಳು. ಒಳಗೆ ಹಸಿರು ತೆನೆ ಕೂತಿತ್ತು, ಇನ್ನೂ ಹೂವಾಗದ್ದು. ಜೋಳವೇ. ಇಲ್ಲಿಯವರು ಮೈಲೋ ಅಂತಾರೆ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಕಾನ್ಸಾಸ್. ಮಳೆ ಕಡಿಮೆ ಇರುವ ಈ ಪಶ್ಚಿಮದ ಹೊಲಗಳಿಗೆ ಅದು ಒಗ್ಗುತ್ತೆ. ಒಂಬತ್ತು ವರ್ಷದಿಂದ ಇದೇ ರಾಜ್ಯದಲ್ಲಿದ್ದೇನೆ, ಬಿಜಾಪುರ ಜಿಲ್ಲೆಯವನು, ನನಗೆ ಗೊತ್ತಿರಲಿಲ್ಲ.

ಆದರೆ ಅವ್ವನಿಗೆ ಸಮಾಧಾನ ಆಗಲಿಲ್ಲ. ಗಿಡ ಅವಳ ಸೊಂಟಕ್ಕೂ ಬರುತ್ತಿರಲಿಲ್ಲ. "ಇಷ್ಟ ಗಿಡ್ಡ ಯಾಕ? ಕಣಿಕಿ ಎಲ್ಲಿಂದ ಬರಬೇಕು?" ಕಣಿಕಿ ಅಂದ್ರೆ ದನಕ್ಕೆ ಹಾಕುವ ಜೋಳದ ಒಣ ದಂಟು. ಮಷೀನಿನಲ್ಲಿ ಕೊಯ್ಯಲು ಸುಲಭ ಆಗಲಿ ಅಂತ ಗಿಡ್ಡ ತಳಿ ಮಾಡಿದ್ದಾರೆ, ಕಾಳು ದನಕ್ಕೆ ಹಾಕ್ತಾರೆ, ಕಾರಿಗೆ ಹಾಕುವ ಎಥೆನಾಲ್ ಮಾಡ್ತಾರೆ ಅಂದೆ. ಕಾಳನ್ನೇ ದನಕ್ಕೆ! ಅವಳು ನನ್ನನ್ನು ನೋಡಿದ ರೀತಿಗೆ, ಅದನ್ನು ನಾನೇ ಶುರು ಮಾಡಿದೆನೇನೋ ಅನ್ನಿಸಿತು.

ಹನ್ನೊಂದಕ್ಕೆ 24ನೇ ನಂಬರಿನ ಹೈವೇಗೆ ಬಂದೆವು. ನಿಕೋಡೀಮಸ್ ಅಂತ ಬೋರ್ಡು ಇತ್ತು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ.

"ಊರೆಲ್ಲಿ?" ಅಂದಳು ಅವ್ವ.

ಇದನ್ನೇ ಇಲ್ಲಿ ಇನ್ನೊಬ್ಬಳು ಕೇಳಿದ್ದಳು. ವಿಲಿಯಾನಾ ಹಿಕ್‌ಮನ್, ಪಾದ್ರಿಯ ಹೆಂಡತಿ, 1878ರ ವಸಂತದಲ್ಲಿ ಕೆಂಟಕಿಯಿಂದ ಬಂದವಳು. ಗಂಡಸರು ಅಗೋ ನಿಕೋಡೀಮಸ್ ಅಂತ ಕೂಗಿದರು. ಅವಳಿಗೆ ಏನೂ ಕಾಣಲಿಲ್ಲ. ಎಲ್ಲಿದೆ ಅಂತ ಕೇಳಿದಳು. ಗಂಡ ನೆಲದೊಳಗಿಂದ ಏಳುತ್ತಿದ್ದ ಹೊಗೆ ತೋರಿಸಿ, ಅದೇ ಊರು ಅಂದ. ಜನ ನೆಲ ಅಗೆದು ಗುಂಡಿಯೊಳಗೆ ವಾಸ ಇದ್ದರು. ಅವಳು ಅಳೋಕೆ ಶುರು ಮಾಡಿದಳಂತೆ. ಇದನ್ನು ಮುಂದೆ ಅವಳೇ ಹೇಳಿಕೊಂಡಿದ್ದಾಳೆ.

ನಮಗೆ ಹೊಗೆ ಕಾಣಲಿಲ್ಲ, ಶಾಮಿಯಾನ ಕಂಡಿತು. ಮರುದಿನದ ಕಾರ್ಯಕ್ರಮಕ್ಕೆ ಹಾಕುತ್ತಿದ್ದರು. ನಾಲ್ಕಾರು ಬೀದಿ, ಹತ್ತಿಪ್ಪತ್ತು ಕಟ್ಟಡ, ಅವುಗಳ ನಡುವೆ ಹುಲ್ಲು.

ಟೌನ್‌ಶಿಪ್ ಹಾಲ್ ಅನ್ನುವ ಕಲ್ಲಿನ ಕಟ್ಟಡದಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆಯವರಿದ್ದಾರೆ. 1996ರಿಂದ ಇದು ರಾಷ್ಟ್ರೀಯ ಐತಿಹಾಸಿಕ ತಾಣ. ಹಾಲ್ ಕಟ್ಟಿದ್ದು 1939ರಲ್ಲಿ, ಮಹಾ ಆರ್ಥಿಕ ಕುಸಿತದ ಕಾಲದ ಸರ್ಕಾರಿ ಕೂಲಿ ಯೋಜನೆಯಲ್ಲಿ, ಅದೇ ಸುಣ್ಣಗಲ್ಲಿನಿಂದ. ಅವ್ವ ಒಳಗೆ ಹೋಗುವ ಮುಂಚೆ ಗೋಡೆ ಮುಟ್ಟಿ ನೋಡಿದಳು. ರೇಂಜರ್ ಹುಡುಗಿ ನಮಗೆ ಐದು ಹಳೇ ಕಟ್ಟಡಗಳ ನಕ್ಷೆ ಕೊಟ್ಟಳು. ಈ ಹಾಲ್, ಎರಡು ಚರ್ಚ್, ಒಂದು ಹೋಟೆಲು, ಒಂದು ಶಾಲೆ.

ಹೊರಗೆ 38 ಡಿಗ್ರಿ. ಅವ್ವ ಸೆರಗು ತಲೆ ಮೇಲೆ ಎಳೆದುಕೊಂಡು ಮುಂದೆ ನಡೆದಳು, ನಾನು ನಕ್ಷೆ ಹಿಡಿದು ಹಿಂದೆ.

ಹೋಟೆಲಿನ ಮುಂದೆ ಜಾಸ್ತಿ ಹೊತ್ತು ನಿಂತೆವು. ಸೇಂಟ್ ಫ್ರಾನ್ಸಿಸ್ ಹೋಟೆಲ್. ಕಟ್ಟಿಸಿದವರು ಜಕರಿ ಫ್ಲೆಚರ್ ಮತ್ತು ಜೆನ್ನಿ ಫ್ಲೆಚರ್, ಸೆಪ್ಟೆಂಬರಿನ ಗುಂಪಿಗೂ ಮುಂಚೆ ಜುಲೈಯಲ್ಲೇ ಬಂದ ಗಂಡ ಹೆಂಡತಿ. ಅಂಚೆ ಕೆಲಸವೂ ಅವರ ಮನೆಯದೇ, ಶಾಲೆಯ ಮೊದಲ ಪಾಠವೂ ಜೆನ್ನಿಯದೇ. ಮೊದಲ ಚಳಿಗಾಲ ಅವರೂ ನೆಲದ ಗುಂಡಿಯಲ್ಲೇ ಕಳೆದವರು. ಆ ಚಳಿಗಾಲ ಊರಿನಲ್ಲಿ ತಿನ್ನಲು ಏನೂ ಇರಲಿಲ್ಲ. ಬೇಟೆ ಮುಗಿಸಿ ವಾಪಸ್ ಹೋಗುತ್ತಿದ್ದ ಓಸೇಜ್ ಅನ್ನುವ ಮೂಲನಿವಾಸಿ ಜನ ತಮ್ಮ ಪಾಲಿನ ಮಾಂಸದಲ್ಲಿ ಒಂದಷ್ಟು ಕೊಟ್ಟು ಹೋದರು ಅಂತ ಊರಿನವರು ಈಗಲೂ ಹೇಳುತ್ತಾರೆ. ಸಿಟ್ಟಿಗೆದ್ದ ಜನ ಹಿಲ್‌ನನ್ನು ನೇಣಿಗೆ ಹಾಕಲು ಹುಡುಕಾಡಿದರು, ಅವನು ಬಂಡಿಯ ಹುಲ್ಲಿನಡಿ ಅಡಗಿ ಪಾರಾದ ಅಂತ ಇನ್ನೊಂದು ಕಥೆ. ಅವನ ಹೆಸರಿನ ಹಿಲ್ ಸಿಟಿ ಪಕ್ಕದಲ್ಲೇ ಇದೆ. ಕೌಂಟಿಯ ಆಡಳಿತ ಎಲ್ಲ ಅಲ್ಲಿಂದಲೇ. ಮೋಸ ಹೋದವರ ಊರಿನಲ್ಲಿ 14 ಜನ, ಭೂಮಿ ಮಾರಿದವನ ಊರಿನಲ್ಲಿ ಕೋರ್ಟು ಕಚೇರಿ. ಸುಮ್ನೆ ಹೇಳಿದೆ.

ಬಂದವರಲ್ಲಿ ಕೆಲವರು ವಾಪಸ್ ಹೋದರು. ಉಳಿದವರು ಗುದ್ದಲಿ, ಸಲಿಕೆಯಲ್ಲೇ ನೆಲ ಮುರಿದರು. ಹತ್ತು ವರ್ಷ ಆಗುವಷ್ಟರಲ್ಲಿ ಅಂಗಡಿ, ಬ್ಯಾಂಕು, ಎರಡು ಪತ್ರಿಕೆ. ಇಲ್ಲಿ ಬಂದು ನೆಲೆಸಿದ ಎಡ್ವರ್ಡ್ ಮೆಕ್ಕೇಬ್ 1882ರಲ್ಲಿ ರಾಜ್ಯದ ಲೆಕ್ಕಪರಿಶೋಧಕನಾಗಿ ಗೆದ್ದ. ಕಾನ್ಸಾಸಿನಲ್ಲಿ ರಾಜ್ಯ ಮಟ್ಟದ ಹುದ್ದೆಗೆ ಚುನಾಯಿತನಾದ ಮೊದಲ ಕಪ್ಪು ಮನುಷ್ಯ.

ಆಮೇಲೆ ರೈಲು. 1887ರಲ್ಲಿ ಮಿಸೌರಿ ಪೆಸಿಫಿಕ್ ಕಂಪನಿಯ ಹಳಿ ಊರಿಗೆ ಬರಲಿ ಅಂತ ಜನ 16,000 ಡಾಲರಿನ ಬಾಂಡಿಗೆ ಮತ ಹಾಕಿದರು. ಆ ರೈಲು ಬರಲೇ ಇಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿ ಹಾಕಿತು, ಸಾಲಮನ್ ನದಿಯ ಆಚೆ ದಡದಲ್ಲಿ. ಇಲ್ಲಿಂದ ಆರು ಮೈಲಿ. ಅಲ್ಲಿ ಬೋಗ್ ಅಂತ ಹೊಸ ಊರು ಎದ್ದಿತು. ಅಂಗಡಿಯವರು ಗಂಟುಮೂಟೆ ಕಟ್ಟಿದರು. ಕೆಲವರು ಅಂಗಡಿಯ ಕಟ್ಟಡವನ್ನೇ ಎತ್ತಿ ನದಿ ದಾಟಿಸಿದರು.

"ಅಂಗಡಿ ಹ್ವಾದ್ರ ಊರು ಹೋಗ್ತೈತೇನು?" ಅಂತ ಅವ್ವ ಕೇಳಿದಳು. ಊರು ಹೋಗುವುದು ಅವಳಿಗೆ ಗೊತ್ತು. ಅವಳ ತವರು ಆಲಮಟ್ಟಿ ಹಿನ್ನೀರಿನಲ್ಲಿದೆ. ಬೇಸಿಗೆಯಲ್ಲಿ ನೀರಿಳಿದರೆ ಗುಡಿಯ ಕಟ್ಟೆ ಕಾಣುತ್ತೆ. ಅಷ್ಟೇ ಉಳಿದಿರೋದು.

ಇಲ್ಲಿ ಹಾಗಾಗಲಿಲ್ಲ. ರೈತರು ಉಳಿದರು. ಮೂವತ್ತರ ದಶಕದಲ್ಲಿ ಬರ, ಧೂಳಿನ ಬಿರುಗಾಳಿ, ಬೆಲೆ ಕುಸಿತ ಒಟ್ಟಿಗೆ ಬಂದವು. ಮಕ್ಕಳು ಡೆನ್ವರ್, ಕಾನ್ಸಾಸ್ ಸಿಟಿ, ಕ್ಯಾಲಿಫೋರ್ನಿಯಾ ಕಡೆ ಹೋದರು. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು, ಆಮೇಲೆ ಶಾಲೆ. 1918ರ ಆ ಶಾಲೆ ಕಟ್ಟಡ ಇನ್ನೂ ನಿಂತಿದೆ, ಬಿಳಿ ಹಲಗೆಯ ಗೋಡೆ. ಕಿಟಕಿಗೆ ಕೈ ಅಡ್ಡ ಹಿಡಿದು ಒಳಗೆ ಇಣುಕಿದೆ. ನನ್ನ ಮುಖವೇ ಕಂಡಿತು.

ಶನಿವಾರ

ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ. ನಿನ್ನೆ ನಾಯಿಯೂ ಇರದಿದ್ದ ಬೀದಿಯಲ್ಲಿ ಕೊಲೊರಾಡೋ, ಟೆಕ್ಸಾಸ್, ಕ್ಯಾಲಿಫೋರ್ನಿಯಾದ ನಂಬರ್ ಪ್ಲೇಟುಗಳು. ಒಂದೊಂದು ಮನೆತನದವರು ಒಂದೊಂದು ಬಣ್ಣದ ಟೀ ಶರ್ಟು, ಬೆನ್ನ ಮೇಲೆ ಮನೆತನದ ಹೆಸರು. ನಮ್ಮ ಕಡೆ ಮದುವೆಗೆ ಒಂದೇ ಥರದ ಸೀರೆ ತರ್ತಾರಲ್ಲ, ಹಾಗೆ.

ಇದಕ್ಕೆ ಹೋಮ್‌ಕಮಿಂಗ್ ಅಂತಾರೆ, ಮನೆಗೆ ಮರಳೋದು. ಇದರ ಬೇರು ಆಗಸ್ಟ್ 1ರ ಬಿಡುಗಡೆ ಹಬ್ಬ. ವೆಸ್ಟ್ ಇಂಡೀಸ್‌ನಲ್ಲಿ ಗುಲಾಮಗಿರಿ ರದ್ದಾಗುವ ಕಾನೂನು 1834ರಲ್ಲಿ ಜಾರಿಗೆ ಬಂದ ದಿನ ಅದು. ಊರು ಹುಟ್ಟಿದ ಕಾಲದಿಂದಲೂ ಆಚರಿಸುತ್ತಾ ಬಂದಿದ್ದಾರೆ.

ಮೆರವಣಿಗೆ ಉದ್ದವೇನಿಲ್ಲ. ಊರೇ ಉದ್ದ ಇಲ್ಲ. ಒಂದು ಟ್ರ್ಯಾಕ್ಟರು, ಕುದುರೆ ಮೇಲೆ ಹಳೇ ನೀಲಿ ಸಮವಸ್ತ್ರದ ಸವಾರರು. ಅಂತರ್ಯುದ್ಧದ ನಂತರ ಕಪ್ಪು ಸೈನಿಕರದ್ದೇ ಅಶ್ವದಳ ಇತ್ತು, ಬಫಲೋ ಸೋಲ್ಜರ್ಸ್ ಅಂತ ಹೆಸರು. ಅವರ ವೇಷ. ಹಿಂದೆ ಕಾರಿನ ಮೇಲಿಂದ ಮಿಠಾಯಿ ಎಸೆಯುವ ಅಜ್ಜಂದಿರು. ನೋಡುವವರು ಮುಗಿದ ತಕ್ಷಣ ಮೆರವಣಿಗೆ ಇನ್ನೊಂದು ಸುತ್ತು ಬಂದಿತು. ಅವ್ವ ಎರಡೂ ಸಲ ಮಿಠಾಯಿ ಹೆಕ್ಕಿದಳು.

ಮಧ್ಯಾಹ್ನ ಮರದ ನೆರಳಲ್ಲಿ ಕೂತಾಗ ಪಕ್ಕದ ಕುರ್ಚಿಯಲ್ಲಿ ಒಬ್ಬ ಅಜ್ಜಿ. ಎಂಬತ್ತು ದಾಟಿರಬೇಕು, ನೇರಳೆ ಟೋಪಿ. ಡೆನ್ವರಿನಿಂದ ಮೊಮ್ಮಗ ಕರೆದುಕೊಂಡು ಬಂದಿದ್ದ. ಅವ್ವನ ಸೀರೆಯ ಸೆರಗು ಹಿಡಿದು, ಇದು ಕೈಮಗ್ಗವಾ ಅಂತ ಕೇಳಿದರು. ಇಳಕಲ್ ಅಂದೆ. ಅವ್ವನಿಗೆ ಇಂಗ್ಲಿಷ್ ಬರಲ್ಲ. ಅಜ್ಜಿಗೆ ಕನ್ನಡ ಹೇಗೆ ಬರಬೇಕು? ನಾನು ನಡುವೆ ಕೂತೆ, ಸ್ವಲ್ಪ ಹೊತ್ತಿಗೆ ಬೇಡವಾದೆ.

ಊಟದ ಸಾಲಲ್ಲಿ ಹುರಿದ ಮೀನು, ಬಾರ್ಬೆಕ್ಯೂ. ಬೀನ್ಸಿನೊಳಗೂ ಹಂದಿ ಮಾಂಸ. ಅವ್ವ ತನ್ನ ಡಬ್ಬಿ ತೆಗೆದಳು. ಅಜ್ಜಿಯ ಕೈಗೆ ಒಂದು ಚೂರು ಕಟಿ ರೊಟ್ಟಿ, ಮೇಲೆ ಹಿಂಡಿ. ಅಜ್ಜಿ ಕಟುಂ ಅಂತ ಕಚ್ಚಿ, ಯಾವ ಹಿಟ್ಟು ಅಂತ ಕೇಳಿದರು. ಮೈಲೋ ಅಂದೆ. ನಂಬಲಿಲ್ಲ. ಅದು ದನದ ಮೇವು ಕಣಪ್ಪಾ ಅನ್ನೋ ಹಾಗೆ ಮುಖ ಮಾಡಿ ನಕ್ಕರು. ಆಮೇಲೆ ಸ್ವಲ್ಪ ಯೋಚಿಸಿ ಹೇಳಿದರು. ಅವರ ಅಜ್ಜಿ ಸಿಹಿ ಜೋಳದ ದಂಟು ಅರೆದು, ರಸ ಕಾಯಿಸಿ ಪಾಕ ಮಾಡುತ್ತಿದ್ದರಂತೆ. ಬಿಸ್ಕತ್ತಿನ ಮೇಲೆ ಸುರಿದುಕೊಂಡು ತಿನ್ನೋದು. ಕೆಂಟಕಿಯಿಂದ ತಂದ ರೂಢಿ. ಜೋಳ ಹುಟ್ಟಿದ್ದು ಆಫ್ರಿಕಾದಲ್ಲಿ, ಅಲ್ಲಿಂದಲೇ ನಮ್ಮ ದೇಶಕ್ಕೂ ಬಂದಿದ್ದು ಅಂತ ನಾನು ಹೇಳಲು ಹೊರಟೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಅಜ್ಜಿ ಕಾಬ್ಲರ್ ಅನ್ನುವ ಪೀಚ್ ಹಣ್ಣಿನ ಸಿಹಿತಿಂಡಿ ಬಡಿಸುತ್ತಿದ್ದರು, ಅವ್ವ ಇನ್ನೊಂದು ರೊಟ್ಟಿ ಮುರಿಯುತ್ತಿದ್ದಳು.

ರೊಟ್ಟಿ ಹೇಗೆ ಮಾಡೋದು ಅಂತ ಕೇಳಿದರು. ಅವ್ವ ಗಾಳಿಯಲ್ಲೇ ಹಿಟ್ಟು ನಾದಿ, ಗಾಳಿಯಲ್ಲೇ ಬಡಿದು ತೋರಿಸಿದಳು. "ನೀರು ಎಸರು ಬಂದಿರಬೇಕು, ಹಿಟ್ಟು ಹದಾ ಬರಬೇಕು, ಹೇಳು." ಎಸರು ಹೇಗೋ ಹೇಳಿದೆ. ಹದಕ್ಕೆ ಇಂಗ್ಲಿಷ್ ಸಿಗಲಿಲ್ಲ.

ಅಜ್ಜಿ ಹುಟ್ಟಿದ್ದು ಇಲ್ಲೇ, ಹತ್ತು ವರ್ಷದವರಿದ್ದಾಗ ಬಿಟ್ಟು ಹೋದರು. ಈಗ ಇಲ್ಲಿ ಅವರ ಮನೆ ಇಲ್ಲ, ಮನೆ ಇದ್ದ ಜಾಗ ಇದೆ. ಆದರೂ ಪ್ರತಿ ಜುಲೈಯಲ್ಲಿ ಬರ್ತಾರೆ. ಮನೆ ಇಲ್ಲದ ಊರಿಗೆ ಯಾಕೆ ಬರ್ತೀರಿ ಅಂತ ಕೇಳು ಅಂದಳು ಅವ್ವ. ಕೇಳಿದೆ. ಅಜ್ಜಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಮೊಮ್ಮಕ್ಕಳ ಕಡೆ ಕೈ ತೋರಿಸಿ, ಇವರಿಗೆ ಯಾರು ಯಾರ ಸಂಬಂಧ ಅಂತ ಗೊತ್ತಾಗೋದು ಬೇಡವಾ ಅಂದರು. ಅವ್ವನಿಗೆ ತಿಳಿಸಿದೆ. "ಖರೆ" ಅಂದಳು. ಸಂಜೆಯವರೆಗೂ ಅಲ್ಲೇ ಕೂತಳು. ಪುನರ್ವಸತಿ ಕೇಂದ್ರದಲ್ಲಿ ಬೇರೆ ಬೇರೆ ಸೆಕ್ಟರಿಗೆ ಹಂಚಿಹೋದ ತನ್ನ ತವರಿನ ಮನೆಗಳನ್ನು ಒಂದೊಂದಾಗಿ ನನಗೆ ಹೇಳಿದಳು, ಯಾರ ಮನೆ ಪಕ್ಕ ಯಾರದು ಅಂತ. ಮೊದಲು ಯಾವತ್ತೂ ಹೇಳಿರಲಿಲ್ಲ.

ರಾತ್ರಿ ಹಾಲ್‌ನಲ್ಲಿ ಹಾಡು ಶುರುವಾಯಿತು. ಅವ್ವ ತಾಳ ಹಾಕಿದಳು, ಭಜನೆಗೆ ಹಾಕುವ ಹಾಗೇ.

ಭಾನುವಾರ

ಬೆಳಿಗ್ಗೆ ಬ್ಯಾಪ್ಟಿಸ್ಟ್ ಚರ್ಚಿನ ಪ್ರಾರ್ಥನೆಗೆ ಹಿಂದಿನ ಬೆಂಚಲ್ಲಿ ಕೂತೆವು. 1907ರ ಹಳೇ ಚರ್ಚು ಪಕ್ಕದಲ್ಲೇ ಇದೆ, ಈಗ ಬಳಕೆಯಲ್ಲಿರೋದು ಹೊಸದು. ಸತ್ತವರ ಹೆಸರು ಓದಿದರು, ಹುಟ್ಟಿದ ಮಕ್ಕಳ ಹೆಸರೂ ಓದಿದರು. ಮಕ್ಕಳ ಪಟ್ಟಿ ಉದ್ದ ಇತ್ತು. ಅವರಲ್ಲಿ ಒಬ್ಬರೂ ಇಲ್ಲಿ ಇರುವವರಲ್ಲ.

ನೇರಳೆ ಟೋಪಿ ಅಜ್ಜಿಗೆ ಉಳಿದ ರೊಟ್ಟಿ ಪೂರ್ತಿ ಕೊಟ್ಟೆವು. ಅವರು ಒಂದು ಫಾಯಿಲ್ ಪೊಟ್ಟಣದಲ್ಲಿ ಕಾಬ್ಲರ್ ಕೊಟ್ಟರು. ಡಬ್ಬಿ ಖಾಲಿ ವಾಪಸ್ ಕೊಡಬಾರದು ಅನ್ನೋ ಪದ್ಧತಿ ಇಲ್ಲೂ ಇದೆ.

ಹೋಗುವಾಗ ಬೋಗ್ ಮೇಲೆ ಹೋದೆವು. ರೈಲನ್ನು ಕಸಿದುಕೊಂಡ ಊರು ಹೇಗಿದೆ ನೋಡೋಣ ಅಂತ. ಸಾಲಮನ್ ನದಿಯ ಸೇತುವೆ ದಾಟಿದ್ದೇ ಗೊತ್ತಾಗಲಿಲ್ಲ, ಜುಲೈಯಲ್ಲಿ ಅದು ಹಳ್ಳ. ಬೋಗ್‌ನಲ್ಲಿ ನೂರಿನ್ನೂರು ಜನ ಇರಬಹುದು, ಭಾನುವಾರ ಮಧ್ಯಾಹ್ನ ಒಬ್ಬರೂ ಕಾಣಲಿಲ್ಲ. ಎರಡು ನಿಮಿಷದಲ್ಲಿ ಊರು ಮುಗಿಯಿತು.

ಮನೆ ಮುಟ್ಟಿದಾಗ ರಾತ್ರಿ ಒಂಬತ್ತು. ಅಪ್ಪ ಫೋನ್ ಮಾಡಿದ್ದರು, ಅಲ್ಲಿ ಬೆಳಗಾಗಿತ್ತು. ಅವ್ವ ಸ್ಪೀಕರಿನಲ್ಲಿ ಹಾಕಿಕೊಂಡು, ಕಾಲು ಚಾಚಿ ಕೂತು ಪ್ರವಾಸದ ವರದಿ ಒಪ್ಪಿಸಿದಳು.

"ಜ್ವಾಳ ಭಾಳ ಗಿಡ್ಡ ಅದಾವರಿ. ಕಣಿಕಿ ಏನೂ ಬರೂದಿಲ್ಲ. ಜಾತ್ರಿ ಮಾತ್ರ ಚಲೋ ಆತು."